ಬಿಡು ಅನ್ನುವ ತನಕ

ನಮ್ಮ ಹಳೆಯ ಟ್ರ್ಯಾಕ್ಟರಿನ ಬ್ರೇಕ್ ಮೆತ್ತಗಾದಾಗಲೆಲ್ಲ ಅಣ್ಣ ಗೋಣಿಚೀಲ ಹಾಸಿಕೊಂಡು ಅದರ ಕೆಳಗೆ ಮಲಗುತ್ತಾನೆ. ನಾನು ಮೇಲೆ ಸೀಟಿನಲ್ಲಿ ಕೂಡುತ್ತೇನೆ. ಬ್ರೇಕ್ ಎಣ್ಣೆಯ ಕೊಳವೆಯಲ್ಲಿ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸಿ, ಗುಳ್ಳೆ ಹೊರಬಿದ್ದ ಮೇಲೆ ಬಿಗಿಯಬೇಕು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಅಣ್ಣ ಕಲಿಸಿದ ವಿದ್ಯೆ ಇದು. ಮೇಲೆ ಕೂತವರ ಮುಖ ಕೆಳಗಿದ್ದವರಿಗೆ ಕಾಣುವುದಿಲ್ಲ. ಮಾತೊಂದೇ ಆಧಾರ.

"ತುಳಿ, ತಂಗಿ."

"ತುಳದೇನಿ."

"ಹಿಡಿ. ನಾ ಬಿಡು ಅನ್ನೂತನಾ ಕಾಲು ತಗೀಬ್ಯಾಡ, ಗಾಳಿ ಎಳಕೊಂತೈತಿ."

ಆ ದಿನ ಓಣಿಯ ಗೆಳತಿಯರು ದುರ್ಗದಬೈಲಿನ ಪೇಟೆಗೆ ಹೊರಟಿದ್ದರು. ಮದುವೆಯೊಂದಕ್ಕೆ ನಾನೂ ಬಳೆ ತರಬೇಕಿತ್ತು. "ಬಸ್ ಬಂತ ಬೇ! ಟ್ರ್ಯಾಕ್ಟರ್ ಜೋಡಿನ ಲಗ್ನಾ ಆಗಾಕಿ ಏನು?" ಎಂದು ಒಬ್ಬಳು ರಸ್ತೆಯಿಂದ ಕೂಗಿದಳು. ನಗುತ್ತ ತಿರುಗಿದೆ. ಕಾಲು ಪೆಡಲಿನಿಂದ ಎದ್ದಿತ್ತು.

ಅಣ್ಣ ನಿಪ್ಪಲ್ ಬಿಗಿದು ಕೇಳಿದ, "ಗಟ್ಟಿ ಐತೇನು?"

ತುಳಿದು ನೋಡಿದೆ. ಕೆಸರಿಗೆ ಇಳಿದಂತೆ ಕಾಲು ಇಳಿಯಿತು. ಹೇಳಿದರೆ ಮೊದಲಿನಿಂದ ಮಾಡಬೇಕು, ಬಸ್ಸು ಹೋಗಿಬಿಡುತ್ತದೆ.

"ಗಟ್ಟಿ ಐತಿ, ಅಣ್ಣಾ."

ಅವನು ಎದ್ದು ಪೆಡಲ್ ಮುಟ್ಟಿಯೂ ನೋಡಲಿಲ್ಲ. ಸಂಜೆ ಮೇವಿನ ಟ್ರೇಲರ್ ಎಳೆದುಕೊಂಡು ಬರುವಾಗ ಕೆರೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಟ್ರ್ಯಾಕ್ಟರ್ ಬೇವಿನ ಮರಕ್ಕೆ ಗುದ್ದಿತು, ಅಣ್ಣನ ಬಲಗಾಲು ನಡುವೆ ಸಿಕ್ಕಿತು. ಹೊಸ ಬಳೆಯ ಕೈಯಲ್ಲೇ ಆಸ್ಪತ್ರೆಗೆ ಓಡಿದೆ. ಆ ಮೊಣಕಾಲು ಇಂದಿಗೂ ಮಡಚುವುದಿಲ್ಲ.

ಕೇಳಿದವರಿಗೆಲ್ಲ ಅವನು, "ನಿಪ್ಪಲ್ ನಾನ ಸರಿ ಬಿಗಿದಿದ್ದಿಲ್ಲರಿ" ಅನ್ನುತ್ತಾನೆ. ನಾನು ಚಹಾದ ಲೋಟ ಹಿಡಿದು ಪಕ್ಕದಲ್ಲೇ ನಿಂತಿರುತ್ತೇನೆ. ಈಗ ಟ್ರ್ಯಾಕ್ಟರ್ ಓಡಿಸುವವಳು ನಾನೇ. ಹಸಿ ಹೊಲವಿರಲಿ, ಹಾಸಿಗೆಯಿರಲಿ, ಮೆತ್ತನೆಯದು ಏನು ತುಳಿದರೂ ಕೆಳಗಿನಿಂದ ಅಣ್ಣನ ಆ ಪ್ರಶ್ನೆ ಕೇಳಿಸುತ್ತದೆ.

ಹೋದ ವಾರ ಹೊಸ ರಬ್ಬರ್ ಸೀಲು ಹಾಕಿ ಮತ್ತೆ ಗಾಳಿ ತೆಗೆದೆವು. ಪೆಡಲ್ ಕಲ್ಲಿನಂತೆ ನಿಂತಿತು. ಆದರೂ "ಇನ್ನೊಮ್ಮೆ ಮಾಡೂಣು" ಅಂದೆ. ಆಮೇಲೆ ಮತ್ತೊಮ್ಮೆ.

"ಬಾಟ್ಲಿ ಎಣ್ಣಿ ಎಲ್ಲಾ ನೆಲಕ್ಕ ಕುಡಸ್ತಿ ಏನು? ಮೊದಲ ಹಿಂಗ ಇದ್ದಿದ್ದಿಲ್ಲ ನೋಡು ನೀ" ಎಂದು ಅಣ್ಣ ಕೆಳಗಿನಿಂದ ನಕ್ಕ. "ಆತು, ಬಿಡು."

ಸೀಟಿನಿಂದ ಅವನ ಆ ಕಾಲು ಮಾತ್ರ ಕಾಣುತ್ತಿತ್ತು. ಮುಖಕ್ಕಲ್ಲದಿದ್ದರೂ ಕಾಲಿಗಾದರೂ ಹೇಳಿಬಿಡಬಹುದು ಅನ್ನಿಸಿತು. ಬಾಯಿ ತೆರೆದೆ.

"ಬಿಡು ಅಂದೆನಲ್ಲಾ," ಅಣ್ಣ ಕೆಳಗಿನಿಂದ ಕೇಳಿದ, "ಗಟ್ಟಿ ಐತೇನು?"

"ಗಟ್ಟಿ ಐತಿ, ಅಣ್ಣಾ" ಅಂದೆ. ನನ್ನ ಕಾಲು ಮಾತ್ರ ಪೆಡಲಿನ ಮೇಲೇ ಇತ್ತು.