ಖಾನಾಪುರದ ನಾಲ್ಕನೇ ಹಾಸಿಗೆ

ದೆವ್ವ, ಶಕುನ, ಮುನ್ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಚಹಾ ಕುಡಿಯಲು ಹೋಗುತ್ತಿದ್ದೆ. ಕಂಪ್ಯೂಟರ್ ಕೆಲಸದವನು ನಾನು. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂಬ ನಂಬಿಕೆಯೇ ನನ್ನ ಹೊಟ್ಟೆಪಾಡು. ಈಗ ಎದ್ದು ಹೋಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಅಲ್ಲ. ಆದದ್ದನ್ನು ಆದ ಹಾಗೇ ಹೇಳುತ್ತೇನೆ, ನೀವೇ ನೋಡಿ.

ಬೆಳಗಾವಿಯ ಟಿಳಕವಾಡಿಯಲ್ಲೊಂದು ಖಾಸಗಿ ಆಸ್ಪತ್ರೆ. ಖಾನಾಪುರದಲ್ಲಿ ಅದರದೇ ಸಣ್ಣ ಶಾಖೆ. ಅಲ್ಲಿನ ರೋಗಿಗಳ ಉಸಿರು, ನಾಡಿ ಇಲ್ಲಿನ ಪರದೆಯ ಮೇಲೂ ಕಾಣಬೇಕು, ಕೆಟ್ಟರೆ ಗಂಟೆ ಬಾರಿಸಬೇಕು. ಅದಕ್ಕೆಂದು ತಂತ್ರಾಂಶವನ್ನು ಕಂಟೇನರು ಎಂಬ ಬಿಡಿಬಿಡಿ ಡಬ್ಬಿಗಳಲ್ಲಿ ತುಂಬಿ ಎರಡೂ ಊರಿನ ಸರ್ವರುಗಳಲ್ಲಿ ಇಟ್ಟಿದ್ದೆ. ಅವು ಒಂದೇ ಮನೆಯವರ ಹಾಗೆ ಮಾತಾಡಿಕೊಳ್ಳಬೇಕಾದರೆ ಪ್ರತಿ ಸರ್ವರಿನಲ್ಲೂ ನೆಟ್‌ವರ್ಕ್ ಪ್ಲಗಿನ್ ಕೂರಿಸಬೇಕು. ಟಿಳಕವಾಡಿಯಲ್ಲಿ ಕೂರಿಸಿ ಆಗಿತ್ತು, ಖಾನಾಪುರದ್ದು ಬಾಕಿ ಇತ್ತು. ಅಂದರೆ ಅಲ್ಲಿಂದ ಇಲ್ಲಿಗೆ ಇನ್ನೂ ದಾರಿಯೇ ಇರಲಿಲ್ಲ.

ಆ ಮಧ್ಯಾಹ್ನ ಪರದೆ ಕೆಂಪಾಯಿತು: ಖಾನಾಪುರ, ನಾಲ್ಕನೇ ಹಾಸಿಗೆ, ಉಸಿರು ನಿಂತಿದೆ. ಕೂಡಲೇ ಅಲ್ಲಿನ ನರ್ಸ್ ಮಹಾದೇವಿಯವರಿಗೆ ಫೋನ್ ಮಾಡಿದೆ.

"ನಾಕನೇ ಹಾಸಗಿ ಖಾಲಿ ಐತ್ರಿ ಸರ್. ಅದರ ಮಾನಿಟರ್ ಬಂದ್ ಮಾಡಿ ಬಾಜುಕ ಇಟ್ಟೇನ್ರಿ," ಅಂದರು.

"ಹಂಗಾರ ನಮ್ಮ ಕಡೀದೇ ಏನೋ ಗಡಬಡ ಆಗೇತಿ. ತಲಿ ಕೆಡಿಸ್ಕೋಬ್ಯಾಡ್ರಿ ಸಿಸ್ಟರ್."

"ಹಾಸಗಿ ನಂಬರ್ ಹೇಳಿ ಬಂದೈತಲ್ರಿ," ಎಂದು ಫೋನ್ ಇಟ್ಟರು.

ಸಂಜೆಯವರೆಗೆ ತಲೆ ಚಚ್ಚಿಕೊಂಡರೂ ಆ ಸಂದೇಶ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಖಾನಾಪುರದ ಸರ್ವರಿನಲ್ಲೂ ಪ್ಲಗಿನ್ ಕೂತಿತು. ಅಲ್ಲಿನ ಹಾಸಿಗೆಗಳು ಒಂದೊಂದಾಗಿ ಪರದೆಗೆ ಬಂದವು. ನಾನು ಹಿಗ್ಗಿ ಹೀರೇಕಾಯಿಯಾದೆ.

ಊಟದ ಹೊತ್ತಿಗೆ ಮಹಾದೇವಿಯವರ ಫೋನ್. ಅವರ ತಂದೆಗೇ ಎದೆನೋವು. ಖಾಲಿ ಇದ್ದದ್ದು ನಾಲ್ಕನೇ ಹಾಸಿಗೆಯೊಂದೇ. "ಡಾಕ್ಟರ್ ಇಲ್ಲೇ ಮಲಗಸ್ರಿ, ಒಂಚೂರು ಸುಧಾರಿಸಿದ ಮ್ಯಾಲ ಕಳಸೂಣು ಅನ್ನಾಕತ್ತಾರ್ರಿ. ಅಪ್ಪನ್ನ ನಾ ಆ ಹಾಸಗಿ ಮ್ಯಾಲ ಹಾಕಂಗಿಲ್ರಿ ಸರ್. ಆಂಬುಲೆನ್ಸ್‌ನ್ಯಾಗ ಬೆಳಗಾವಿಗೇ ಕರ್ಕೊಂಡ ಬರ್ತೇನಿ." ನಾನು ಬೇಡ ಅನ್ನಲಿಲ್ಲ.

ಸ್ವಲ್ಪ ಹೊತ್ತಿಗೆ ಪರದೆ ಮತ್ತೆ ಕೆಂಪಾಯಿತು. ಅದೇ ಸಾಲು: ಖಾನಾಪುರ, ನಾಲ್ಕನೇ ಹಾಸಿಗೆ, ಉಸಿರು ನಿಂತಿದೆ. ನಿಜ ಹೇಳುತ್ತೇನೆ, ನನಗೆ ಸಮಾಧಾನವೇ ಆಯಿತು. ಆ ಹಾಸಿಗೆ ಖಾಲಿ ಇದೆ, ಅವರ ತಂದೆ ದಾರಿಯಲ್ಲಿದ್ದಾರೆ, ಇದು ನಿನ್ನೆಯದೇ ಗಡಬಡ ಎಂದುಕೊಂಡೆ.

ಆಂಬುಲೆನ್ಸ್ ಬಂದಾಗ ಕೆಳಗಿಳಿದು ಹೋದೆ. ಮಹಾದೇವಿ ಅಪ್ಪನ ಪಾದ ಹಿಡಿದುಕೊಂಡು ಕೂತಿದ್ದರು. ದಾರಿಯಲ್ಲಿ ದೇಸೂರಿನ ಹತ್ತಿರವೇ ಅಪ್ಪನ ಉಸಿರು ನಿಂತಿತಂತೆ. ಅವರ ಎದೆಗೆ ಹಚ್ಚಿದ ವೈರುಗಳು ಪಕ್ಕದ ಮಾನಿಟರಿಗೆ ಹೋಗಿದ್ದವು. ಆಂಬುಲೆನ್ಸಿನಲ್ಲಿ ಮಾನಿಟರ್ ಇಲ್ಲವೆಂದು, ಹೊರಡುವ ಅವಸರದಲ್ಲಿ, ಖಾಲಿ ಹಾಸಿಗೆಯ ಬಾಜುಕ ಇದ್ದುದನ್ನೇ ಎತ್ತಿಕೊಂಡು ಬಂದಿದ್ದರು. ಒಳಗೆ ಸಿಮ್ ಇರುವ ಅದು ಮೊಬೈಲ್ ನೆಟ್‌ನಲ್ಲಿ ಖಾನಾಪುರದ ಸರ್ವರಿಗೆ ಎಲ್ಲಿಂದ ಸುದ್ದಿ ಕಳಿಸಿದರೂ ಇಲ್ಲಿನ ಪರದೆಯಲ್ಲಿ ಖಾನಾಪುರದ ನಾಲ್ಕನೇ ಹಾಸಿಗೆ ಎಂದೇ ಬರುತ್ತದೆ.

ಎರಡನೆಯ ಸಲದ ಸಂದೇಶಕ್ಕೆ ಹೀಗೊಂದು ಕಾರಣ ಸಿಕ್ಕಿತು. ಹಿಂದಿನ ದಿನ ಬಂದದ್ದಕ್ಕೆ ಇವತ್ತಿಗೂ ಸಿಕ್ಕಿಲ್ಲ. ನನಗಿಂತ ಬಲ್ಲವರನ್ನೂ ಕೇಳಿದ್ದೇನೆ. ದಾರಿಯೇ ಇಲ್ಲದೆ ಬರಲಾರದು ಅನ್ನುತ್ತಾರೆ. ಅದು ನನಗೂ ಗೊತ್ತು.

ಕೆಲವು ತಿಂಗಳ ಮೇಲೆ ಖಾನಾಪುರಕ್ಕೆ ಹೋಗಿದ್ದಾಗ ಮಹಾದೇವಿ ಚಹಾ ತಂದುಕೊಟ್ಟರು. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ, ಒಂದೇ ಮಾತು ಕೇಳಿದರು.

"ಸರ್, ಅವತ್ತ ಅದು ಆ ಹಾಸಗಿ ಬಿಡ್ರಿ ಅಂತ ಹೇಳಿತ್ತೋ, ಹಾಸಗಿ ಬಿಟ್ಟ ಹೊಂಡಬ್ಯಾಡ್ರಿ ಅಂತ ಹೇಳಿತ್ತೋ?"

ಚಹಾ ಆರುವವರೆಗೂ ಕೂತಿದ್ದೆ.