ಪೈಪ್ ಕುಯ್ದು ನೋಡುವ ಮೇಸ್ತ್ರಿ

ನಮ್ಮ ಮೇಸ್ತ್ರಿಯ ಎಡಗೈ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ರಾಜಾನುಕುಂಟೆಯ ಟೀ ಅಂಗಡಿ ಮುಂದೆ ನಿಂತಿದ್ದರೂ ತೋರುಬೆರಳ ಮೇಲೆ ಅದು ಹಿಂದೆ ಮುಂದೆ ಜಾರುತ್ತಲೇ ಇರುತ್ತಿತ್ತು. ನೋಡಿದವರು ಜಪ ಅಂದುಕೊಳ್ಳುತ್ತಿದ್ದರು. ಜಪವೂ ಇಲ್ಲ, ತಪವೂ ಇಲ್ಲ. ಟಿಗ್ ವೆಲ್ಡಿಂಗ್‌ನಲ್ಲಿ ಎಡಗೈಯಿಂದ, ಕರಗಿ ಸಂದಿ ತುಂಬುವ ಫಿಲ್ಲರ್ ಕಡ್ಡಿಯನ್ನು ಚೂರು ಚೂರೇ ಮುಂದೆ ತಳ್ಳುವ ಅಭ್ಯಾಸ ಅದು.

ಅವರ ಅಣ್ಣತಮ್ಮಂದಿರು ಹೊಲ ಮಾರಿ ಬಿಲ್ಡಿಂಗ್ ಕಟ್ಟಿಸಿದರು. ಇವರು ತಮ್ಮ ಪಾಲಿನ ಜಾಗದಲ್ಲಿ ಶೀಟ್ ಹಾಕಿ ವರ್ಕ್‌ಶಾಪ್ ಇಟ್ಟರು. ಡೈರಿಗಳಲ್ಲಿ ಹಾಲು ಹರಿಯುವ ಸ್ಟೀಲ್ ಪೈಪ್ ಬೆಸೆಯುವ ಕೆಲಸ. ಬಾಡಿಗೆ ತಿಂದುಕೊಂಡು ಇರಬಾರದಾ ಅಂತ ನೆಂಟರು ಕೇಳಿದರೆ, ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ ಅನ್ನುತ್ತಿದ್ದರು.

ನಾನು ಅಮೃತಹಳ್ಳಿಯಲ್ಲಿ ಕಿಟಕಿ ಗ್ರಿಲ್ ಮಾಡುತ್ತಿದ್ದವನು. ಆರ್ಕ್ ವೆಲ್ಡಿಂಗ್‌ನಲ್ಲಿ ಕೈ ಪಳಗಿತ್ತು, ಕೊಬ್ಬೂ ಇತ್ತು. ಹೆಂಡತಿ ಬಸುರಿಯಾದ ಮೇಲೆ ಖಾಯಂ ಕೆಲಸ ಬೇಕೆನಿಸಿ ಇವರ ಬಳಿ ಬಂದೆ. ಡೈರಿ ಪೈಪಿಗೆ ಕೈ ಹಾಕುವಷ್ಟು ಕಲಿತರೆ ಖಾಯಂ, ಇಲ್ಲದಿದ್ದರೆ ನಿನ್ನ ದಾರಿ ನೋಡಿಕೋ ಎಂದು ಮೊದಲೇ ಹೇಳಿದರು.

ಗ್ರಿಲ್ ಮಾಡಿದ ಕೈಯೇ ನನಗೆ ಶತ್ರುವಾಯಿತು. ಆರ್ಕ್‌ನಲ್ಲಿ ಕಡ್ಡಿಯನ್ನು ಕೆರೆದೇ ಕಿಡಿ ಹೊತ್ತಿಸಬೇಕು. ಇಲ್ಲಿ ಬೆಸೆಯುವ ಟಾರ್ಚಿನ ಟಂಗ್‌ಸ್ಟನ್ ಮೊನೆ ಲೋಹಕ್ಕೆ ತಾಕಲೇಬಾರದು. ನಾನು ತಾಕಿಸುತ್ತಿದ್ದೆ. ತಾಕಿದಾಗಲೆಲ್ಲ ಎದ್ದುಹೋಗಿ ಮೊನೆ ಉಜ್ಜಿಕೊಂಡು ಬರಬೇಕು. ಕೊನೆಗೆ ಅವರು ಕರೆಂಟನ್ನೇ ಆಫ್ ಮಾಡಿ, ತಣ್ಣಗಿನ ಟಾರ್ಚನ್ನು ಜಾಯಿಂಟ್ ಸುತ್ತ ನಡೆಸು ಎಂದರು. ಮದುವೆಯಾದ ಗಂಡಸು ಖಾಲಿ ಟಾರ್ಚ್ ಹಿಡಿದು ಆಡುವುದನ್ನು ಕಂಡು ಬಂದವರೆಲ್ಲ ನಕ್ಕರು. ಮೈಯೆಲ್ಲ ಉರಿಯಿತು. ಬೆಸುಗೆ ಮುಗಿದೊಡನೆ ಟಾರ್ಚ್ ಎತ್ತುವುದು ನನ್ನ ಇನ್ನೊಂದು ಚಾಳಿ. ಬಿಸಿ ಲೋಹಕ್ಕೆ ಹೊರಗಿನ ಗಾಳಿ ತಾಕಬಾರದೆಂದು, ಟಾರ್ಚಿನಿಂದ ಬರುವ ಗ್ಯಾಸ್ ನಿಲ್ಲುವವರೆಗೆ ಅವರು ನನ್ನ ಮಣಿಕಟ್ಟನ್ನು ಅಲ್ಲೇ ಹಿಡಿದಿಡುತ್ತಿದ್ದರು.

ಕೊನೆಗೂ ಒಂದು ಜಾಯಿಂಟ್ ಬಂಗಾರದ ಬಣ್ಣಕ್ಕೆ ಬಂತು. ಬೀಗುತ್ತ ಒಯ್ದು ಕೊಟ್ಟೆ. ಅವರು ಪೈಪನ್ನು ಉದ್ದಕ್ಕೆ ಕುಯ್ದರು. ಒಳಗೆ, ಬೆಲ್ಲದ ಪಾಕ ಸೀದ ಹಾಗೆ, ಕರಿ ಹರಳು. ಪೈಪಿನ ಒಳಗೂ ಗ್ಯಾಸ್ ತುಂಬಿರಬೇಕಿತ್ತು. ಅದನ್ನು ಒಳಗೆ ಬಿಡುವ ಟ್ಯೂಬನ್ನು ನಾನು ಬೇಗ ಕಿತ್ತಿದ್ದೆ.

"ಮೇಲ್ಗಡೆ ನೋಡೋನು ನಾನು ಕಣೋ. ಒಳಗಡೆ ಓಗೋದು ಆಲು. ಈ ಸಂದೀಲಿ ಕೂತ್ಕೊಂಡ್ರೆ ಕೆಟ್ಟೋಯ್ತದೆ. ಅದುನ್ನ ಯಾರ್ದೋ ಮಗು ಕುಡೀತದೆ."

ಆಮೇಲೆ ನನ್ನ ಪ್ರತಿ ಜಾಯಿಂಟನ್ನೂ ಕುಯ್ದರು. ಚೆನ್ನಾಗಿದ್ದರೂ ಕುಯ್ದರು. ಅವರು ಕುಯ್ಯುತ್ತಿರುವವರೆಗೂ ನಾನು ಕಲಿಯುವವನೇ. ಪೈಪ್ ಗುಜರಿಗೆ, ಖಾಯಂ ಮಾತು ಗಾಳಿಗೆ. ಹೆಂಡತಿಗೆ ತಿಂಗಳು ತುಂಬುತ್ತಾ ಬಂದಿತ್ತು.

ಅಷ್ಟರಲ್ಲಿ ಅವರಿಗೆ ಎದೆನೋವು ಬಂದು ಹೆಬ್ಬಾಳದ ಕಡೆ ಆಸ್ಪತ್ರೆ ಸೇರಿದರು. ಒಪ್ಪಿಕೊಂಡಿದ್ದ ಡೈರಿ ಕೆಲಸ ಅರ್ಧಕ್ಕೆ ನಿಂತಿತು. ನಾನು ಒಂದು ಜಾಯಿಂಟ್ ಮಾಡಿ, ನಾನೇ ಕುಯ್ದು, ಎರಡು ಹೋಳನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ಇಲ್ಲಿಗೂ ಕಬ್ಬಿಣ ತಂದೆಯೇನಪ್ಪ ಎಂದು ಅವರ ಹೆಂಡತಿ ಗದರಿದರು. ಮೇಸ್ತ್ರಿ ಹೋಳಿನ ಒಳಗೆ ಬೆರಳಾಡಿಸಿದರು. ಎಲ್ಲೂ ತಡೆಯಲಿಲ್ಲ. ಇನ್ನೊಂದನ್ನೂ ಸವರಿದರು.

"ಇನ್ಮೇಲ್ ಕುಯ್ಬೇಡ," ಅಂದರು. "ನಾಳೆ ಡೈರಿಗೋಗು."

ಹೋದೆ. ಕೆಲಸ ಮುಗಿಯುವ ಮುಂಚೆಯೇ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದು ಉಳಿದ ಜಾಯಿಂಟ್‌ಗಳನ್ನು ಹಾಕಿದೆ. ಈಗ ವರ್ಕ್‌ಶಾಪನ್ನು ಅವರ ಮಗಳು ನಡೆಸುತ್ತಾರೆ, ನಾನು ಖಾಯಂ. ಆ ಡೈರಿಯ ಪೈಪಿಗೆ ಮೊದಲ ಸಲ ಹಾಲು ಬಿಟ್ಟ ದಿನ ಎಲ್ಲರೂ ಮೀಟರ್ ನೋಡುತ್ತಿದ್ದರು. ನಾನು ಪೈಪಿನ ಮೇಲೆ ಕೈಯಿಟ್ಟು ನಿಂತಿದ್ದೆ. ಒಳಗೆ ತಣ್ಣಗೆ ಹಾಲು ಹೋಗುತ್ತಿರುವುದು ಅಂಗೈಗೆ ಗೊತ್ತಾಯಿತು. ಅಷ್ಟು ಜನರ ಮುಂದೆಯೇ ಅತ್ತುಬಿಟ್ಟೆ.