ಕಂಬಳಿ ಮಡಿಕೆಯ ಚೀಟಿಗಳು

ಮನೆ ಬದಲಿಸುವವರ ಸಾಮಾನು ಸಾಗಿಸುವ ಆ ಪುಟ್ಟ ಕಂಪನಿಯಲ್ಲಿ ನಾಲ್ಕು ಲಾರಿ, ಹನ್ನೊಂದು ಜನ. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುವವಳು ಪಟ್ಟಿಯಕ್ಕ. ಹದಿನಾರು ವರ್ಷ ಗಾಜು, ಪಿಂಗಾಣಿ ಕಟ್ಟಿದವಳು. ಸೊಂಟ ಹಿಡಿದ ಮೇಲೆ ಕಚೇರಿಯ ಕುರ್ಚಿಗೆ ಬಂದಳು. ಲಾರಿ ಹತ್ತುವ ಚಮಚವನ್ನೂ ಪಟ್ಟಿಗೆ ಸೇರಿಸುತ್ತಾಳೆಂದು ಆ ಹೆಸರು. ಬೇರೆಯವರು ಕಟ್ಟಿ ಅಂಟಿಸಿಟ್ಟ ಪೆಟ್ಟಿಗೆಗೆ ಬಿಚ್ಚಿ ನೋಡದೆ ಅವಳು ಎಂದೂ ಸಹಿ ಹಾಕಿದವಳಲ್ಲ. ಗಿರಾಕಿಗಳು ಗೊಣಗುತ್ತಾರೆ. ಕಂಪನಿಯ ಯಜಮಾನರಾದ ಅವಳ ಅಕ್ಕನ ಗಂಡನೂ ಗೊಣಗುತ್ತಾರೆ.

ಫಾರಂ ಬಂದದ್ದು ದೊಡ್ಡ ಗಿರಾಕಿಯಿಂದ. ವರ್ಷಕ್ಕೆ ನೂರಾರು ನೌಕರರನ್ನು ವರ್ಗ ಮಾಡುವ ಆ ಸಂಸ್ಥೆ ಬರವಣಿಗೆಯಲ್ಲಿ ಖಾತ್ರಿ ಕೇಳಿತ್ತು: ನಿಮ್ಮಲ್ಲಾಗಲಿ, ನಿಮಗೆ ಕೆಲಸ ಮಾಡಿಕೊಡುವವರಲ್ಲಾಗಲಿ ಜನರನ್ನು ಕೂಡಿಹಾಕಿ ದುಡಿಸುವುದು, ಅವರ ಗುರುತಿನ ಕಾರ್ಡು ಕಿತ್ತಿಟ್ಟುಕೊಳ್ಳುವುದು ಇದೆಯೇ? ಇದೆ ಅಥವಾ ಇಲ್ಲ ಎಂಬಲ್ಲಿ ಗುರುತು ಹಾಕಿ.

“ಇಲ್ಲ ಅಂತ ಗೀಚಿ ಕಳ್ಸು,” ಎಂದರು ಭಾವ.

“ನೋಡಿದೀರಾ ಭಾವ?”

“ಇಲ್ಲದೇ ಇರೋದನ್ನ ಹೇಗೆ ನೋಡೋದೇ? ನಿಮ್ಮ ಮನೆತನಾನೇ ಹೀಗೆ. ನಿಮ್ಮಕ್ಕನೂ ಫ್ರಿಜ್ ಮುಚ್ಚಿದ ಮೇಲೆ ಒಳಗೆ ದೀಪ ಆರಿದೆಯಾ ಅಂತ ತೆಗೆದು ನೋಡ್ತಾಳೆ.”

ರಟ್ಟಿನ ಪೆಟ್ಟಿಗೆಯವನು, ಬಾಡಿಗೆ ಲಾರಿಯವನು, ಹಮಾಲರನ್ನು ಕಳಿಸುವವನು, ಕಂಬಳಿ ತೊಳೆಯುವವನು: ನಾಲ್ವರಿಗೂ ಅವಳು ಅದೇ ಪ್ರಶ್ನೆ ಕಳಿಸಿದಳು. ಎರಡೇ ದಿನಕ್ಕೆ ನಾಲ್ಕು ‘ಇಲ್ಲ’ ಬಂದವು. ಕಂಬಳಿಯವನ ಕಾಗದದಲ್ಲಿ ಮಾತ್ರ, ಕೆಲಸಗಾರರ ವಾಸ ಎಂಬ ಸಾಲಿನ ಮುಂದೆ, “ನಮ್ಮಲ್ಲೇ, ಭದ್ರವಾಗಿ” ಎಂದಿತ್ತು. ಭದ್ರವಾಗಿದ್ದಾರೆಯೇ ಎಂದು ಯಾರೂ ಕೇಳಿರಲಿಲ್ಲ. ಆ ಒಂದು ಮಾತಿನ ಕೆಳಗೆ ಅವಳು ಗೆರೆ ಎಳೆದಳು.

ಬೀರು, ಮೇಜು ತರಚದಂತೆ ಸುತ್ತುವ ದಪ್ಪ ಕಂಬಳಿಗಳು ವಾರಕ್ಕೊಮ್ಮೆ ತೊಳೆಯಲು ಅವನ ಶೆಡ್ಡಿಗೆ ಹೋಗುತ್ತವೆ. ಮಂಗಳವಾರ ಬೆಳಿಗ್ಗೆ ಕಂಬಳಿಯ ಜೊತೆ ಅವಳೂ ಲಾರಿ ಹತ್ತಿದಳು. ಒಳಗೆ ಹದಿನಾಲ್ಕು ಹೆಂಗಸರು ಕೆಲಸ ಮಾಡುತ್ತಿದ್ದರು. ಬೀಗ ಮಾತ್ರ ಬಾಗಿಲ ಹೊರಗಡೆ ಇತ್ತು. ಶೆಡ್ಡು ನೋಡಿಕೊಳ್ಳುವ ಮೇಸ್ತ್ರಿ ನಗುತ್ತ ಬೀಗ ತೆಗೆದ. ತೊಟ್ಟಿಗಳ ಪಕ್ಕದ ಕಬ್ಬಿಣದ ಏಣಿ ಅಟ್ಟಕ್ಕೆ ಹೋಗುತ್ತಿತ್ತು, ಅಟ್ಟದ ಮೇಲೆ ಸಾಲು ಚಾಪೆ. ಮೊದಲ ತೊಟ್ಟಿಯ ಹೆಂಗಸಿನ ಬೆರಳುಗಳು ಸೋಡಾಪುಡಿಗೆ ಸೀಳಿಹೋಗಿದ್ದವು.

“ಕೈಗೆ ಏನಾದ್ರೂ ಹಚ್ಚಿದೀಯಾ ತಾಯಿ?” ಎಂದು ಕೇಳಿದಳು ಪಟ್ಟಿಯಕ್ಕ.

“ಹಚ್ತಾಳೆ, ಹಚ್ತಾಳೆ,” ಎಂದ ಮೇಸ್ತ್ರಿ.

“ಗುರುತಿನ ಕಾರ್ಡು ನಿನ್ನ ಹತ್ರಾನೇ ಇದೆಯಾ?”

“ನೀರಲ್ಲಿ ನೆನೆದೀತು ಅಂತ ನಾನೇ ಎತ್ತಿಟ್ಟಿದೀನಿ ಮೇಡಂ.”

“ಅಲ್ಲಪ್ಪಾ, ಬಾಯಿ ಅವಳಿಗಿಲ್ವಾ?”

ಹೆಂಗಸು ತಲೆ ಎತ್ತಿ, ಬಹಳ ಮೆಲ್ಲಗೆ, “ಎರಡು ವರ್ಷ ಆಯ್ತಕ್ಕ ಕಾರ್ಡು ನೋಡಿ” ಎಂದಳು. ಅಷ್ಟೇ. ಮತ್ತೆ ತೊಟ್ಟಿಗೆ ಬಗ್ಗಿದಳು.

ಪಟ್ಟಿಯಕ್ಕನ ಮೈಯೆಲ್ಲ ಉರಿಯಿತು. ಉರಿಯುವಾಗ ಮಾಡಿದ ಕೆಲಸ ನೆಟ್ಟಗಿರುವುದು ಕಷ್ಟ. ಕಾರ್ಮಿಕರ ಸಹಾಯವಾಣಿಯ ನಂಬರು ಬರೆದ ನಲವತ್ತು ಚೀಟಿಗಳನ್ನು ಮಾಡಿ, ಮುಂದಿನ ಸರದಿಯಲ್ಲಿ ಒಂದೊಂದು ಕಂಬಳಿಯ ಮಡಿಕೆಗೂ ಒಂದೊಂದು ಸೇರಿಸಿದಳು. ತೊಳೆಯುವವರ ಕೈಗೇ ನೇರ ಸಿಗುತ್ತದೆ ಎಂದು ಅವಳ ಲೆಕ್ಕ.

ಎರಡು ದಿನದ ನಂತರ ಮೇಸ್ತ್ರಿಯ ಫೋನು ಬಂತು. “ಮೇಡಂ, ಕಂಬಳಿಯೊಳಗೆ ನಿಮ್ಮ ಚೀಟಿ ಉಳಿದಿತ್ತು. ನಲವತ್ತೂ ಇದೆ, ಎಣಿಸಿದೀನಿ. ವಾಪಸ್ ಕಳಿಸ್ತಿದೀನಿ.”

ರಬ್ಬರ್ ಬ್ಯಾಂಡು ಹಾಕಿದ ಕಟ್ಟು ಮೇಜಿನ ಮೇಲೆ ಬಂದು ಬಿದ್ದಾಗ ಅವಳಿಗೆ ಹೊಳೆಯಿತು. ಐದು ವರ್ಷದ ಹಿಂದೆ ಗಿರಾಕಿಯೊಬ್ಬರ ಆಸ್ತಿಪತ್ರ ಕಂಬಳಿಯೊಳಗೆ ಸೇರಿಹೋಗಿ ದೊಡ್ಡ ರಾದ್ಧಾಂತವಾಗಿತ್ತು. ಆವತ್ತಿನಿಂದ, ತೊಳೆಯುವ ಮುನ್ನ ಪ್ರತಿ ಕಂಬಳಿ ಕೊಡವಬೇಕು, ಸಿಕ್ಕ ಕಾಗದವನ್ನೆಲ್ಲ ಎಣಿಸಿ ಹಿಂತಿರುಗಿಸಬೇಕು ಎಂಬ ನಿಯಮ. ಅದನ್ನು ಬರೆದು ಶೆಡ್ಡಿನ ಗೋಡೆಗೆ ಅಂಟಿಸಿದವಳು ಅವಳೇ. ತನ್ನ ನಿಯಮವನ್ನು ಇಷ್ಟು ಶಿಸ್ತಿನಿಂದ ಪಾಲಿಸಿದವರನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

ಮುಂದಿನ ಮಂಗಳವಾರ ಮೊದಲ ತೊಟ್ಟಿಯ ಹತ್ತಿರ ಬೇರೆ ಹೆಂಗಸಿದ್ದಳು. “ಅವಳಾ? ಊರಿಗೆ ಹೋದಳು,” ಎಂದ ಮೇಸ್ತ್ರಿ, ಮುಖದ ಮೇಲೆ ಅದೇ ನಗು.

ಅಲ್ಲಿಂದ ಅವಳು ನೆಟ್ಟಗೆ ಕಾರ್ಮಿಕ ಕಚೇರಿಗೆ ಹೋದಳು. ಅಧಿಕಾರಿ ಕನ್ನಡಕ ಒರೆಸಿಕೊಂಡರು. “ತೊಂದರೆ ಆದೋರ ಹೆಸರು?”

“ಗೊತ್ತಿಲ್ಲ ಸಾರ್. ಬೆರಳು ಸೀಳಿತ್ತು.”

“ಬೆರಳಿನ ಹೆಸರಲ್ಲಿ ದೂರು ಬರ್ಕೊಳೋಕಾಗಲ್ಲಮ್ಮ. ನಿಮ್ಮನ್ನೇನಾದ್ರೂ ಕೂಡಿಹಾಕಿದಾರಾ?”

“ನಿಮ್ಮೆದುರೇ ಕೂತಿದೀನಲ್ಲ.”

“ಮತ್ತೆ?”

ನಲವತ್ತು ಚೀಟಿ ಬರೆದವಳು ಒಂದು ಹೆಸರು ಕೇಳಿರಲಿಲ್ಲ. ದಾರಿಯುದ್ದಕ್ಕೂ ಅವಳು ತನ್ನನ್ನೇ ಬೈದುಕೊಂಡಳು.

ಕಚೇರಿಗೆ ಬಂದರೆ ಭಾವ ಆಗಲೇ ಪರಿಹಾರ ಹುಡುಕಿಟ್ಟಿದ್ದರು. “ಆ ಶೆಡ್ಡೇ ಬೇಡ, ಬಿಡು. ಬೇರೆಯವರಿಗೆ ಕಂಬಳಿ ಕೊಡೋಣ. ಆಮೇಲೆ ಧೈರ್ಯವಾಗಿ ಇಲ್ಲ ಅಂತ ಬರಿ. ಹಾವೂ ಸಾಯಬೇಕು, ಕೋಲೂ ಮುರೀಬಾರದು.”

“ಹಾವು ಎಲ್ಲಿ ಸಾಯ್ತು ಭಾವ? ನಾವು ಬೀದಿ ಬದಲಾಯಿಸಿದ್ವಿ ಅಷ್ಟೇ. ಈಗ ಕಂಬಳಿ ಇದೆ ಅಂತ ಬಾಗಿಲು ತೆಗೀತಾನೆ. ನಾಳೆ ಯಾವ ನೆಪ ಹೇಳಿ ಒಳಗೆ ಹೋಗಲಿ?”

“ದೊಡ್ಡ ಗಿರಾಕಿ ಕೈಬಿಟ್ಟರೆ?”

“ನಾನು ಸಹಿ ಹಾಕಲ್ಲ. ನೀವೇ ಹಾಕಿ.”

ಭಾವ ಪೆನ್ನು ಎತ್ತಿದರು, ಅದರ ಮುಚ್ಚಳ ತೆಗೆದರು, ಹಾಕಿದರು. “ಒಂದು ವಾರ. ಅಷ್ಟೇ,” ಎಂದು ಫಾರಂ ಡ್ರಾಯರಿಗೆ ತಳ್ಳಿದರು.

ಆ ವಾರ ಅವಳು ಶೆಡ್ಡಿಗೆ ಹೊಸ ಷರತ್ತು ಹಾಕಿದಳು: ಕಂಬಳಿ ಹರಿದು ಬರುತ್ತಿವೆ, ಇನ್ನು ಮುಂದೆ ತೊಳೆದವರೇ ಲಾರಿಯ ಬಳಿ ಬಂದು ಒಬ್ಬೊಬ್ಬರಾಗಿ ಎಣಿಸಿ ಒಪ್ಪಿಸಬೇಕು. ಮೇಸ್ತ್ರಿ ಮುಖ ಸಿಂಡರಿಸಿದ, ಆದರೆ ಕಾಯಂ ಗಿರಾಕಿಯನ್ನು ಬಿಡುವಂತಿರಲಿಲ್ಲ. ಎರಡು ಹೆಜ್ಜೆ ಆಚೆ ಕಣ್ಗಾವಲು ನಿಂತ. ಪಟ್ಟಿಯಕ್ಕ ಹೇಳಿಟ್ಟಂತೆ ಚಾಲಕ ಎಂಜಿನ್ ಆರಿಸದೆ ಗುರುಗುಟ್ಟಿಸುತ್ತಲೇ ಇದ್ದ. ಮೊದಲ ನಾಲ್ವರು ಬರೀ ಎಣಿಸಿ ಹೋದರು. ಐದನೆಯವಳು ಕಂಬಳಿಯಿಂದ ಕಣ್ಣೆತ್ತದೆ, ಒಂದೇ ರಾಗದಲ್ಲಿ ಎಣಿಸಿದಳು.

“ಹದಿನೇಳು, ಹದಿನೆಂಟು, ಊರಿಗೆ ಹೋಗಿಲ್ಲಕ್ಕ, ಹತ್ತೊಂಬತ್ತು, ಸೇತುವೆ ಆಚೆ ಬಾಟ್ಲಿ ತೊಳೆಯೋ ಕಡೆ ಹಾಕಿದಾರೆ, ಇಪ್ಪತ್ತು, ಹಳೇ ಐಸ್ ಕಾರ್ಖಾನೆ, ಇಪ್ಪತ್ತೊಂದು…”

“ಅವಳ ಹೆಸರು?”

ಹೇಳಿದಳು. ಇಪ್ಪತ್ಮೂರಕ್ಕೆ ತನ್ನ ಹೆಸರನ್ನೂ ಹೇಳಿದಳು. “ನನ್ನ ಕಾರ್ಡೂ ಅವನ ಡ್ರಾಯರಲ್ಲಿದೆ. ಬರ್ಕೋ.”

ಎರಡು ಹೆಸರು ಕಂಡ ಮೇಲೆ ಅಧಿಕಾರಿ ದೂರು ಬರೆದುಕೊಂಡರು, ಮುದ್ರೆಯನ್ನೂ ಒತ್ತಿದರು. “ಶೆಡ್ಡಿನವರಿಗೆ ಏಳು ದಿನದ ನೋಟಿಸು ಕೊಟ್ಟು ತಪಾಸಣೆಗೆ ಹೋಗ್ತೀವಿ.”

“ನೋಟಿಸಾ?” ಪಟ್ಟಿಯಕ್ಕ ಕುರ್ಚಿಯ ತುದಿಗೆ ಬಂದಳು. “ಸಾರ್, ಸಾಗಿಸೋದು ನನ್ನ ಕಸುಬು. ಹದಿನಾಲ್ಕು ಜನ, ಹದಿನಾಲ್ಕು ಚಾಪೆ. ಒಂದು ಲಾರಿ, ಅರ್ಧ ಗಂಟೆ ಸಾಕು. ನೀವು ಏಳು ದಿನ ಕೊಡ್ತಿದೀರಿ.”

“ನೋಟಿಸಿಲ್ಲದೆ ಹೋಗೋಕೆ ಮುಖ್ಯ ಕಚೇರಿಯಿಂದ ಸಹಿ ಬೇಕು. ಸೇತುವೆ ಆಚೇದೂ ಅವರದ್ದೇ ವ್ಯಾಪ್ತಿ. ನಾಳೆ ಕಾಗದ ಕಳಿಸ್ತೀನಿ.”

“ಕಳಿಸಬೇಡಿ. ಕೈಗೆ ಕೊಡಿ, ನಾನೇ ಒಯ್ತೀನಿ.”

ಅದು ಪದ್ಧತಿಯಲ್ಲ ಎಂದರು ಅವರು. ಅವಳು ಏಳಲಿಲ್ಲ. ಅವಳ ಹಿಂದಿನ ಸಾಲು ಬಾಗಿಲು ದಾಟಿ ಮೆಟ್ಟಿಲವರೆಗೆ ಬೆಳೆಯಿತು. ಯಾರೋ “ಬೇಗ ಮುಗಿಸ್ರೀ” ಎಂದು ಕೂಗಿದರು. ಕೊನೆಗೆ ಲಕೋಟೆ ಮೇಜಿನ ಈ ಕಡೆಗೆ ಜಾರಿತು.

ಹೊರಗೆ ಬಂದಾಗ ಗಂಟೆ ಎರಡೂ ನಲವತ್ತು. ಮುಖ್ಯ ಕಚೇರಿ ಇರುವುದು ಸೇತುವೆ ದಾಟಿ, ಅದು ಮೂರೂವರೆಗೆ ಕಾಗದ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ.

“ಅಕ್ಕಾ, ಮೂರು ಗಂಟೆಗೆ ಆ ಡಾಕ್ಟರ ಮನೆ ಬೀರು ಇಳಿಸ್ಬೇಕು,” ಎಂದ ಚಾಲಕ. “ಯಜಮಾನ್ರು ಎರಡು ಸಲ ಫೋನ್ ಮಾಡಿದ್ರು.”

“ಬೀರುಗೆ ನಾಲ್ಕು ಕಾಲಿದ್ರೂ ಅದು ಎಲ್ಲಿಗೂ ಹೋಗಲ್ಲ. ನೀನು ಸೇತುವೆ ಕಡೆ ತಿರುಗಿಸು.”